ಕಾಲ್ಚೆಂಡಿನ ಮಾಸ್ತರರು: ಸಯ್ಯದ ಅಬ್ದುಲ ರಹೀಮ

ನಮ್ಮ ಶಿರೂರು, ಬಾದಾಮಿ, ಹುನಗುಂದ, ಇಳಕಲ್ಲ ಈ ಭಾಗದ ಜಾತ್ರೆಗಳಲ್ಲಿ ಕುಸ್ತಿಯನ್ನು ನೋಡಿದ ವಾಚಕರಿಗೆ ಒಂದು ಸಂಗತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಗೆದ್ದ ಪೈಲವಾನನನ್ನು ಜನರು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಆದರೆ ಅವನು ಕೆಳಗಿಳಿದ ಕೂಡಲೆ ಮಾಡುವ ಮೊದಲನೆಯ ಕೆಲಸವೆಂದರೆ ತನ್ನ ವಸ್ತಾದರ ಪಾದವನ್ನು ಮುಟ್ಟುವದು. ಪಟ್ಟು ತನ್ನದಲ್ಲ, ಕಲಿಸಿದವರದು ಎಂಬ ಅರಿವು ಗರಡಿಮನೆಯ ಮಣ್ಣಿನಲ್ಲಿಯೇ ಬೆರೆತಿದೆ. ಪರದೇಶದಿಂದ ಬಂದು ನಮ್ಮಲ್ಲಿ ನೆಲೆಸಿದ ಆಟಗಳಲ್ಲಿ ಮಾತ್ರ ಈ ಅರಿವು ಅಷ್ಟಾಗಿ ಬೇರೂರಿಲ್ಲ. ಗೋಲು ಹೊಡೆದವನ ಹೆಸರು ಮನೆಮಾತಾಗುತ್ತದೆ. ಅವನಿಗೆ ಕಾಲೆತ್ತಲು ಕಲಿಸಿದವನ ಹೆಸರು ಹಳೆಯ ಕಡತಗಳಲ್ಲಿ ಉಳಿಯುತ್ತದೆ. ಪ್ರತಿವರ್ಷವೂ ಜೂನ್ 11ನೆಯ ತಾರೀಖು ಬಂದು ಹೋಗುವದು. 1963ನೆಯ ಇಸವಿಯ ಅದೇ ದಿವಸ ತೀರಿಕೊಂಡ ಹೈದರಾಬಾದಿನ ಸಯ್ಯದ ಅಬ್ದುಲ ರಹೀಮ ಸಾಹೇಬರನ್ನು ನೆನೆಯುವವರು ಎಷ್ಟು ಮಂದಿ? 2024ರಲ್ಲಿ ಹಿಂದೀ ಚಲಚ್ಚಿತ್ರವೊಂದು ಅವರ ಚರಿತ್ರೆಯನ್ನು ತೆರೆಯ ಮೇಲೆ ತಂದಿತೆಂಬುದು ನಿಜ. ಅದರಿಂದ ಹೆಸರು ಕಿವಿಗೆ ಬಿದ್ದಿತು; ಆದರೆ ಅವರ ಕೆಲಸದ ಮರ್ಮವು ಚಿತ್ರಪಟದ ಕೊನೆಯ ಗೋಲಿನಲ್ಲಿ ಇಲ್ಲ, ಅದರಾಚೆಗೆ ಇದೆ ಎಂಬುದನ್ನು ನಮ್ಮ ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಹೈದರಾಬಾದಿನ ಮನುಷ್ಯನಿಗೂ ನಮಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. 1948ಕ್ಕಿಂತ ಮೊದಲು ಇಳಕಲ್ಲಿನಿಂದ ಕುಷ್ಟಗಿಗೆ ಹೋದವನು ನಿಜಾಮರ ಸೀಮೆಯಲ್ಲಿ ಕಾಲಿಟ್ಟಂತೆಯೇ ಆಗುತ್ತಿದ್ದಿತು. 1956ರ ಏಕೀಕರಣದ ವರೆಗೆ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿಯಾಗಿದ್ದಿತು. ಅದಲ್ಲದೆ, ರಹೀಮ ಸಾಹೇಬರು ಸಿದ್ಧಪಡಿಸಿದ ಭಾರತ ತಂಡಗಳಲ್ಲಿ ಬೆಂಗಳೂರಿನ ಆಟಗಾರರು ಮೇಲಿಂದ ಮೇಲೆ ಕಾಣಿಸಿಕೊಂಡರು. ಆದುದರಿಂದ ಈ ಚರಿತ್ರೆಯು ನೆರೆಮನೆಯದಾಗಿದ್ದರೂ ನಮ್ಮ ಮನೆಯ ಗೋಡೆಗೆ ತಾಗಿಕೊಂಡಿರುವಂಥದು.

ರಹೀಮ ಸಾಹೇಬರು 1909ನೆಯ ಇಸವಿಯ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ತಾರುಣ್ಯದಲ್ಲಿ ತಾವೂ ಒಳ್ಳೆಯ ಆಟಗಾರರಾಗಿದ್ದರು. ಆದರೆ ಅವರ ಉದ್ಯೋಗ ಆಟವಲ್ಲ, ಶಾಲಾ ಮಾಸ್ತರಿಕೆ. ಹೈದರಾಬಾದು ನಗರದ ಶಾಲೆಗಳಲ್ಲಿ ಅವರು ಮಕ್ಕಳಿಗೆ ಪಾಠ ಹೇಳಿದರು. ವ್ಯಾಯಾಮ ಶಿಕ್ಷಣದಲ್ಲಿಯೂ ತರಬೇತು ಪಡೆದು ಮಕ್ಕಳನ್ನು ಬಯಲಿಗೆ ಇಳಿಸಿದರು. ಈ ಸಂಗತಿಯನ್ನು ನಾವು ಒತ್ತಿ ಹೇಳುತ್ತೇವೆ. ಯಾಕಂದರೆ ಮುಂದೆ ಅವರು ಮಾಡಿದ ಕೆಲಸದ ಬೀಜವೆಲ್ಲ ಇದರಲ್ಲಿಯೇ ಇದ್ದಿತು. ಒಬ್ಬ ಹುಡುಗನಿಗೆ ತಿಳಿಯದಿದ್ದರೆ ತಪ್ಪು ಹುಡುಗನದೇ ಎಂದು ಒಳ್ಳೆಯ ಮಾಸ್ತರನು ತಿಳಿಯುವದಿಲ್ಲ. ತಿಳಿಸುವ ಬೇರೆ ಹಾದಿಯನ್ನು ಹುಡುಕುತ್ತಾನೆ. ವರ್ಗದಲ್ಲಿ ಹಿಂದೆ ಕುಳಿತವನ ಮೇಲೆಯೂ ಅವನಿಗೆ ಕಣ್ಣಿರುತ್ತದೆ. ದಡ್ಡನ ಕೈಯಲ್ಲಿ ಇರುವ ಒಂದು ಗುಣವನ್ನು ಗುರುತಿಸಿ ಅದನ್ನು ಬೆಳೆಸುತ್ತಾನೆ. ರಹೀಮ ಸಾಹೇಬರು ಭಾರತದ ತಂಡಕ್ಕೆ ಶಿಕ್ಷಕರಾದ ಮೇಲೆಯೂ ಈ ಶಾಲಾ ಮಾಸ್ತರನ ರೀತಿಯನ್ನು ಬಿಡಲಿಲ್ಲ.

ಇಪ್ಪತ್ತನೆಯ ಶತಮಾನದ ನಾಲ್ವತ್ತರ ದಶಕದಲ್ಲಿ ಅವರು ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾದರು. ಕಾರ್ಯದರ್ಶಿಯೆಂದರೆ ಪತ್ರಗಳಿಗೆ ರುಜು ಹಾಕುವವನು, ಬಹುಮಾನ ಹಂಚುವ ದಿನ ವೇದಿಕೆಯ ಮೇಲೆ ಕೂಡುವವನು ಎಂಬ ಭಾವನೆ ನಮ್ಮಲ್ಲಿ ಇಂದಿಗೂ ಇದೆ. ರಹೀಮ ಸಾಹೇಬರು ಆ ಪದವಿಯನ್ನು ಕಲಿಸುವ ಸಾಧನವನ್ನಾಗಿ ಮಾಡಿಕೊಂಡರು. ಹುಡುಗರಿಗಾಗಿ ಅವರು ವಿಚಿತ್ರವಾದ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಒಂದು ಬಗೆಯ ಪಂದ್ಯದಲ್ಲಿ ಯಾರೂ ಚೆಂಡನ್ನು ತಮ್ಮ ಕಾಲಿನಲ್ಲಿಯೇ ಇಟ್ಟುಕೊಂಡು ಎದುರಾಳಿಯನ್ನು ವಂಚಿಸುತ್ತ ಓಡಕೂಡದು. ಬಂದ ಚೆಂಡನ್ನು ಕೂಡಲೆ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದು ಬಗೆಯ ಪಂದ್ಯದಲ್ಲಿ ಪ್ರತಿಯೊಬ್ಬನೂ ತನಗೆ ಅಭ್ಯಾಸವಿಲ್ಲದ ಕಾಲಿನಿಂದ ಮಾತ್ರವೇ ಒದೆಯಬೇಕು. ನೋಡುವವರಿಗೆ ಇದು ಮೋಜಿನ ಆಟವಾಗಿ ಕಂಡಿತು. ಆದರೆ ಒಂದು ಹಂಗಾಮು ಇಂಥ ಪಂದ್ಯಗಳನ್ನು ಆಡಿದ ಹುಡುಗನಿಗೆ ಎರಡೂ ಕಾಲುಗಳು ಸಮನಾಗುತ್ತಿದ್ದವು. ತನ್ನ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ತಲೆಯೆತ್ತಿ ನೋಡುವ ರೂಢಿಯೂ ಬೆಳೆಯುತ್ತಿದ್ದಿತು. ಬುದ್ಧಿವಾದದಿಂದ ಬಾರದ ಅಭ್ಯಾಸವು ಪಂದ್ಯದ ಕಟ್ಟಳೆಯಿಂದಲೇ ಬಂದಿತು. ಗದರಿಸದೆ ತಿದ್ದುವ ಈ ಉಪಾಯವನ್ನು ಮಾಸ್ತರಿಕೆ ಮಾಡಿದವನಲ್ಲದೆ ಬೇರೊಬ್ಬನು ಕಂಡುಹಿಡಿಯಲಾರನು.

ಸಿಕಂದರಾಬಾದಿನ ಕಡೆಯ ಬಡ ಕುಟುಂಬದ ಹುಡುಗ ತುಳಸೀದಾಸ ಬಲರಾಮನ ಕಥೆಯನ್ನು ಬಲ್ಲವರು ಬಲ್ಲರು. ಅವನ ಆಟವನ್ನು ಕಂಡ ರಹೀಮ ಸಾಹೇಬರು ಹೈದರಾಬಾದಿಗೆ ಬಂದು ಅಭ್ಯಾಸ ಮಾಡೆಂದು ಕರೆದರು. ಪ್ರತಿನಿತ್ಯ ಅಷ್ಟು ದೂರ ಬರುವ ಶಕ್ತಿ ಹುಡುಗನಿಗೆ ಇರಲಿಲ್ಲ. ಬಾಡಿಗೆಯ ಸೈಕಲ್ಲಿಗೆ ಬೇಕಾದ ಹಣವನ್ನು ಸಾಹೇಬರು ತಾವೇ ಕೊಟ್ಟರು. ಹೀಗೆ ಬಾಡಿಗೆಯ ಸೈಕಲ್ಲು ತುಳಿದು ಬಂದ ಹುಡುಗನು 1956ರಲ್ಲಿ ಮೆಲ್ಬೋರ್ನಿಗೂ 1960ರಲ್ಲಿ ರೋಮಿಗೂ ಹೋದನು. ರೋಮಿನಲ್ಲಿ ಹಂಗೇರಿಯ ಮೇಲೆ ಗೋಲನ್ನೂ ಹೊಡೆದನು. 2023ರಲ್ಲಿ ತೀರಿಕೊಳ್ಳುವ ವರೆಗೆ ಬಲರಾಮರು ಭಾರತದ ಅತ್ಯುತ್ತಮ ಆಟಗಾರರ ಪಂಕ್ತಿಯಲ್ಲಿ ಎಣಿಸಲ್ಪಟ್ಟರು. ಆ ಕಾಲದ ಎಷ್ಟು ಊರುಗಳಲ್ಲಿ ಇಂಥ ಎಷ್ಟು ಹುಡುಗರು ಸೈಕಲ್ಲಿನ ಬಾಡಿಗೆ ಕೊಡುವವರಿಲ್ಲದೆ ಮನೆಯಲ್ಲಿಯೇ ಉಳಿದಿರಬಹುದೆಂಬುದನ್ನು ವಾಚಕರೇ ಊಹಿಸಲಿ.

1950ರಿಂದ ಮುಂದೆ ಹೈದರಾಬಾದು ನಗರ ಪೋಲೀಸ ತಂಡದ ಶಿಕ್ಷಣವು ರಹೀಮ ಸಾಹೇಬರ ಕೈಯಲ್ಲಿದ್ದಿತು. ಮುಂಬಯಿಯ ರೋವರ್ಸ್ ಕಪ್ಪನ್ನು ಆ ತಂಡವು 1950ರಿಂದ 1954ರ ವರೆಗೆ ಸತತವಾಗಿ ಐದು ವರ್ಷ ಗೆದ್ದುಕೊಂಡಿತು. ಕಲಕತ್ತೆಯ ದೊಡ್ಡ ಸಂಘಗಳಿಗೆ ಇದ್ದ ಹಣಬಲ, ಜನಬಲಗಳು ಈ ಪೋಲೀಸರಿಗೆ ಇರಲಿಲ್ಲ. ಇವರ ಬಲವು ಅಭ್ಯಾಸದ ಬಲವಾಗಿದ್ದಿತು. ರೋವರ್ಸ್ ಕಪ್ಪಿನ ಮಾತು ಬಂದಾಗ ನಮ್ಮ ಬೆಂಗಳೂರನ್ನು ಮರೆಯಲಾಗದು. 1937ರಲ್ಲಿ ಅದನ್ನು ಗೆದ್ದ ಬೆಂಗಳೂರು ಮುಸ್ಲಿಂಸ್ ತಂಡದವರೇ ಆ ಕಪ್ಪನ್ನು ಬ್ರಿಟಿಶ್ ಪಲ್ಟಣಿಗಳ ಕೈಯಿಂದ ಬಿಡಿಸಿಕೊಂಡ ಮೊದಲನೆಯ ಭಾರತೀಯ ನಾಗರಿಕ ಸಂಘದವರು. ಮೈಸೂರು ಸಂಸ್ಥಾನದ ತಂಡವು 1946ರಲ್ಲಿ ಸಂತೋಷ ಟ್ರೋಫಿಯನ್ನು ಗೆದ್ದಿದ್ದಿತು. ದಕ್ಷಿಣದಲ್ಲಿ ಆಟವು ಇರಲಿಲ್ಲವೆಂದಲ್ಲ. ಆಟವನ್ನು ಶಾಸ್ತ್ರವನ್ನಾಗಿ ಕಲಿಸುವವನು ಬೇಕಾಗಿದ್ದನು. ಅವನು ಹೈದರಾಬಾದಿನಲ್ಲಿ ದೊರೆತನು.

1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲನೆಯ ಏಶಿಯನ್ ಕ್ರೀಡೆಗಳಲ್ಲಿ ಭಾರತವು ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನದ ಪದಕವನ್ನು ಪಡೆಯಿತು. ತಂಡದ ಶಿಕ್ಷಕರು ರಹೀಮ ಸಾಹೇಬರು. ಮರುವರ್ಷ ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡೆಗಳಿಗೆ ಹೋದಾಗ ಮಾತ್ರ ಗರ್ವಭಂಗವಾಯಿತು. ಚಳಿಯಲ್ಲಿ, ಒದ್ದೆಯಾದ ನೆಲದ ಮೇಲೆ, ನಮ್ಮ ಹಲವು ಆಟಗಾರರು ಬರಿಗಾಲಿನಿಂದ ಆಡಿದರು. ಯುಗೋಸ್ಲಾವಿಯದವರು ಹತ್ತು ಗೋಲು ಹೊಡೆದರು. ಭಾರತದ ಒಂದೇ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ ಖಾನರು. ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘದಲ್ಲಿ ಪಂಚಪಾಂಡವರೆಂದು ಜನರು ಕರೆದ ಐವರಲ್ಲಿ ಒಬ್ಬರು.

ಇಂಥ ಸೋಲಾದ ಮೇಲೆ ಶಿಕ್ಷಕನು ಎರಡು ಬಗೆಯಾಗಿ ನಡೆದುಕೊಳ್ಳಬಹುದು. ಚಳಿಯನ್ನೂ ಅದೃಷ್ಟವನ್ನೂ ದೂರಿ ಸುಮ್ಮನಾಗುವದು ಒಂದು. ತನ್ನ ಪಾಠವನ್ನೇ ಮೊದಲಿನಿಂದ ತಿದ್ದಿಕೊಳ್ಳುವದು ಇನ್ನೊಂದು. ರಹೀಮ ಸಾಹೇಬರು ಎರಡನೆಯದನ್ನು ಆರಿಸಿದರು. ಬೂಟು ಹಾಕಿಕೊಂಡೇ ಆಡಬೇಕೆಂಬ ನಿಯಮವನ್ನು ಅಖಿಲ ಭಾರತ ಸಂಸ್ಥೆಯು ಮಾಡಿತು. ಸಾಹೇಬರ ಲಕ್ಷ್ಯವು ಬೂಟಿಗಿಂತ ಮುಂದೆ ಹೋಯಿತು. ಆ ವರ್ಷಗಳಲ್ಲಿ ಹಂಗೇರಿಯ ತಂಡವು ತನ್ನ ಸೆಂಟರ್ ಫಾರ್ವರ್ಡನನ್ನು ಮುಂದೆ ನಿಲ್ಲಿಸದೆ ಹಿಂದಕ್ಕೆಳೆದು, ಎದುರಾಳಿಯ ರಕ್ಷಕರನ್ನು ಗಲಿಬಿಲಿಗೊಳಿಸಿ, 1953ರಲ್ಲಿ ಇಂಗ್ಲೆಂಡನ್ನು ಅವರ ಅಂಗಳದಲ್ಲಿಯೇ ಆರಕ್ಕೆ ಮೂರರಂತೆ ಸೋಲಿಸಿದ್ದಿತು. ರಹೀಮ ಸಾಹೇಬರು ಈ ರಚನೆಯನ್ನು ಅಭ್ಯಾಸ ಮಾಡಿ ನಮ್ಮವರ ಮೈಕಟ್ಟಿಗೆ, ಓಟಕ್ಕೆ ಹೊಂದುವಂತೆ ಮಾರ್ಪಡಿಸಿದರು. ಎತ್ತರದಲ್ಲಿಯೂ ಬಲದಲ್ಲಿಯೂ ಯುರೋಪಿನವರಿಗೆ ನಾವು ಸಮನಾಗಲಾರೆವಾದರೆ, ಚೆಂಡನ್ನು ನೆಲಕ್ಕೆ ಅಂಟಿಸಿ ಶೀಘ್ರವಾಗಿ ದಾಟಿಸುವದೇ ನಮ್ಮ ಹಾದಿಯೆಂದು ಅವರು ನಿಶ್ಚಯಿಸಿದರು. ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ನಿಲ್ಲುವ ರಚನೆಯು 1958ರಲ್ಲಿ ಬ್ರೆಜಿಲ್ ದೇಶದ ವಿಜಯದಿಂದ ಲೋಕಪ್ರಸಿದ್ಧವಾಯಿತು. ಅದನ್ನು ಹೋಲುವ ರಚನೆಯನ್ನು ಭಾರತವು ಅದಕ್ಕಿಂತ ಮೊದಲೇ ಇವರ ಕೈಯಲ್ಲಿ ಕಲಿತಿದ್ದಿತು.

ಫಲವು 1956ರಲ್ಲಿ ಮೆಲ್ಬೋರ್ನಿನಲ್ಲಿ ಕಂಡಿತು. ಆಸ್ಟ್ರೇಲಿಯದ ನೆಲದಲ್ಲಿಯೇ ಆಸ್ಟ್ರೇಲಿಯವನ್ನು ಭಾರತವು ನಾಲ್ಕಕ್ಕೆ ಎರಡರಂತೆ ಸೋಲಿಸಿತು. ನೆವಿಲ್ ಡಿಸೋಜರು ಮೂರು ಗೋಲು ಹೊಡೆದರು. ಒಲಿಂಪಿಕ್ ಕಾಲ್ಚೆಂಡಿನಲ್ಲಿ ಉಪಾಂತ್ಯದ ವರೆಗೆ ಏರಿದ ಮೊದಲನೆಯ ಏಶಿಯದ ದೇಶ ನಮ್ಮದಾಯಿತು. ಅಲ್ಲಿ ಯುಗೋಸ್ಲಾವಿಯವೇ ಮತ್ತೆ ಎದುರಾಯಿತು. ಭಾರತವೇ ಮೊದಲು ಗೋಲು ಹೊಡೆದರೂ ಕೊನೆಗೆ ನಾಲ್ಕಕ್ಕೆ ಒಂದರಂತೆ ಸೋತಿತು. ಒಟ್ಟಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದ ತಂಡಕ್ಕೂ ಇದಕ್ಕೂ ಇರುವ ಅಂತರವೇ ಒಬ್ಬ ಮಾಸ್ತರನ ದುಡಿಮೆಯ ಅಳತೆ. ಈ ತಂಡದ ನಡುಪಂಕ್ತಿಯಲ್ಲಿ ಬೆಂಗಳೂರಿನ ಮಾರಪ್ಪ ಕೆಂಪಯ್ಯನವರು ಆಡಿದರೆಂಬುದು ನಮಗೆ ಅಭಿಮಾನದ ವಿಷಯ.

1960ರಲ್ಲಿ ರೋಮಿಗೆ ಹೋದ ತಂಡವು ಫ್ರಾನ್ಸಿನೊಡನೆ ಸಮ ಮಾಡಿಕೊಂಡಿತು. ಹಂಗೇರಿಗೆ ಒಂದೇ ಗೋಲಿನ ಅಂತರದಿಂದ ಸೋತಿತು. ಆ ತಂಡದಲ್ಲಿ ರಹೀಮ ಸಾಹೇಬರ ಮಗ ಶಾಹಿದ ಹಕೀಮರೂ ಇದ್ದರು. ಅವರಿಗೆ ಒಂದು ಪಂದ್ಯದಲ್ಲಿಯೂ ಆಡುವ ಅವಕಾಶ ದೊರೆಯಲಿಲ್ಲ. ಅಧಿಕಾರದಲ್ಲಿರುವವರು ಮಕ್ಕಳಿಗಾಗಿ ಕುರ್ಚಿಗಳನ್ನು ಕಾದಿರಿಸುವದನ್ನು ನೋಡಿ ನೋಡಿ ದಣಿದ ನಮ್ಮ ಜನರಿಗೆ ಈ ಒಂದು ಸಂಗತಿಗೆ ಟೀಕೆ ಬರೆಯಬೇಕಾಗಿಲ್ಲ.

ಕೊನೆಯ ಪರ್ವವು 1962ರಲ್ಲಿ ಜಕಾರ್ತದಲ್ಲಿ ನಡೆಯಿತು. ಇಷ್ಟರಲ್ಲಿ ಸಾಹೇಬರ ದೇಹವನ್ನು ಅರ್ಬುದ ರೋಗವು ಹಿಡಿದಿದ್ದಿತು. ಇಸ್ರೇಲ ಹಾಗೂ ತೈವಾನಗಳನ್ನು ಆ ಕ್ರೀಡೆಗಳಿಂದ ಹೊರಗಿಟ್ಟದ್ದನ್ನು ಭಾರತದ ಅಧಿಕಾರಿಗಳೊಬ್ಬರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನರು ನಮ್ಮವರ ಮೇಲೆ ಕೆರಳಿದ್ದರು. ಮೊದಲನೆಯ ಪಂದ್ಯದಲ್ಲಿಯೇ ದಕ್ಷಿಣ ಕೊರಿಯವು ಭಾರತವನ್ನು ಎರಡು ಗೋಲುಗಳಿಂದ ಸೋಲಿಸಿತು. ಅನಂತರ ನಮ್ಮ ರಕ್ಷಣಾಪಂಕ್ತಿಯ ಕಂಬವಾಗಿದ್ದ ಜರ್ನೈಲಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಬೇರೊಬ್ಬ ಶಿಕ್ಷಕನಾಗಿದ್ದರೆ ಅವರನ್ನು ಹೊರಗೆ ಕೂಡಿಸುತ್ತಿದ್ದನು. ರಹೀಮ ಸಾಹೇಬರು ತಲೆಗೆ ಪಟ್ಟಿ ಕಟ್ಟಿಕೊಂಡ ಆ ರಕ್ಷಕನನ್ನು ಮುಂದಿನ ಪಂಕ್ತಿಯಲ್ಲಿ ಗೋಲು ಹೊಡೆಯಲು ನಿಲ್ಲಿಸಿದರು. ಉಪಾಂತ್ಯದಲ್ಲಿಯೂ ಜರ್ನೈಲರು ಗೋಲು ಹೊಡೆದರು, ಅಂತಿಮ ಪಂದ್ಯದಲ್ಲಿಯೂ ಹೊಡೆದರು. ಸಪ್ಟೆಂಬರ 4ರಂದು, ಕೂಗಿ ಹಳಿಯುತ್ತಿದ್ದ ಅಪಾರ ಜನಸ್ತೋಮದ ನಡುವೆ, ಅದೇ ದಕ್ಷಿಣ ಕೊರಿಯವನ್ನು ಭಾರತವು ಎರಡಕ್ಕೆ ಒಂದರಂತೆ ಸೋಲಿಸಿತು. ಮೊದಲನೆಯ ಗೋಲು ಪಿ. ಕೆ. ಬ್ಯಾನರ್ಜಿಯವರದು, ತಂಡದ ನಾಯಕರು ಚುನಿ ಗೋಸ್ವಾಮಿ. ನಮ್ಮವರ ಪಕ್ಷ ವಹಿಸಿ ಕೂಗಿದವರಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರೆಂಬುದು ನೆನೆಯತಕ್ಕ ಮಾತು. ಬೆಂಗಳೂರಿನ ಅರುಮೈನಾಯಗಂ ಅವರೂ ಆ ತಂಡದಲ್ಲಿದ್ದರು. ಈ ವಿಜಯದ ತರುವಾಯ ಒಂಬತ್ತು ತಿಂಗಳುಗಳಲ್ಲಿ, ಐವತ್ನಾಲ್ಕನೆಯ ವರ್ಷವು ತುಂಬುವ ಮೊದಲೇ, ರಹೀಮ ಸಾಹೇಬರು ಇಹಲೋಕವನ್ನು ಬಿಟ್ಟರು.

ಇಲ್ಲಿಗೆ ಪದಕಗಳ ಲೆಕ್ಕ ಮುಗಿಯಿತು. ಆದರೆ ಮಾಸ್ತರನ ಆಯುಷ್ಯವನ್ನು ಅವನ ಉಸಿರಿನಿಂದ ಅಳೆಯಲಾಗದು. ಅವನ ಶಿಷ್ಯರು ತಮ್ಮ ಶಿಷ್ಯರಿಗೆ ಏನನ್ನು ಕಲಿಸಿದರೆಂಬುದರಿಂದ ಅಳೆಯಬೇಕು. ರಹೀಮ ಸಾಹೇಬರ ತಂಡಗಳಲ್ಲಿ ಆಡಿದವರು ಮುಂದೆ ತಾವೇ ಶಿಕ್ಷಕರಾದರು. ಅವರಲ್ಲಿ ಅಗ್ರಗಣ್ಯರು ಪಿ. ಕೆ. ಬ್ಯಾನರ್ಜಿಯವರು. 1972ರಿಂದ ಈಸ್ಟ್ ಬೆಂಗಾಲನ್ನೂ, ಅನಂತರ ಮೋಹನ ಬಾಗಾನವನ್ನೂ, ಭಾರತ ತಂಡವನ್ನೂ ತಯಾರಿಸಿದ ಅವರು, ಆಟಕ್ಕೆ ಇಳಿಯುವ ಮೊದಲು ಮಾತಿನಿಂದಲೇ ಆಟಗಾರರ ರಕ್ತವನ್ನು ಬಿಸಿಮಾಡುವದರಲ್ಲಿ ಪ್ರಸಿದ್ಧರಾಗಿದ್ದರು. 1977ರಲ್ಲಿ ಪೆಲೆಯವರಿದ್ದ ಅಮೇರಿಕೆಯ ಕಾಸ್ಮಾಸ್ ತಂಡದೊಡನೆ ಕಲಕತ್ತೆಯಲ್ಲಿ ಎರಡೆರಡು ಗೋಲುಗಳಿಂದ ಸಮ ಮಾಡಿಕೊಂಡ ಮೋಹನ ಬಾಗಾನದ ಶಿಕ್ಷಕರು ಅವರೇ. 2020ರಲ್ಲಿ ತೀರಿಕೊಳ್ಳುವ ವರೆಗೂ ಅವರು ರಹೀಮ ಸಾಹೇಬರನ್ನು ಗುರುವೆಂದು ಒಪ್ಪಿ ನಡೆದರು. ಜಕಾರ್ತದ ತಂಡದ ಅರುಣ ಘೋಷರೂ ಮುಂದೆ ಭಾರತ ತಂಡಕ್ಕೆ ಶಿಕ್ಷಣ ಕೊಟ್ಟರು.

ಹೈದರಾಬಾದಿನಲ್ಲಿಯೇ ಬೆಳೆದ ಸಯ್ಯದ ನಯೀಮುದ್ದೀನರು 1970ರಲ್ಲಿ ಬ್ಯಾಂಕಾಕಿನ ಏಶಿಯನ್ ಕ್ರೀಡೆಗಳಲ್ಲಿ ಕಂಚಿನ ಪದಕ ಪಡೆದ ತಂಡದ ನಾಯಕರಾಗಿದ್ದರು. ತರುವಾಯ ಕಟ್ಟುನಿಟ್ಟಿನ ಶಿಕ್ಷಕರೆಂದು ಹೆಸರಾಗಿ 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಪಡೆದರು. ಗುರುಗಳಿಗಾಗಿ ಸರಕಾರವು ಆ ಪ್ರಶಸ್ತಿಯನ್ನು ಸ್ಥಾಪಿಸಿದ್ದು 1985ರಲ್ಲಿ. ಆಗ ರಹೀಮ ಸಾಹೇಬರು ತೀರಿಹೋಗಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಇನ್ನು ರೋಮಿನಲ್ಲಿ ಆಡದೆ ಕುಳಿತ ಮಗ ಹಕೀಮರು ವಾಯುದಳದಲ್ಲಿ ಸ್ಕ್ವಾಡ್ರನ್ ಲೀಡರರಾದರು, ಅಂತರರಾಷ್ಟ್ರೀಯ ಪಂಚರಾದರು, ಶಿಕ್ಷಕರಾದರು. 1982ರ ದಿಲ್ಲಿಯ ಏಶಿಯನ್ ಕ್ರೀಡೆಗಳಲ್ಲಿ ಬ್ಯಾನರ್ಜಿಯವರ ಕೈಕೆಳಗೆ ಸಹಾಯಕರಾಗಿ ನಿಂತರು. ಗುರುವಿನ ಶಿಷ್ಯನೂ ಗುರುವಿನ ಪುತ್ರನೂ ಒಂದೇ ತಂಡವನ್ನು ತಿದ್ದಿದ ಆ ದೃಶ್ಯವನ್ನು ಸಾಹೇಬರು ನೋಡಲಿಲ್ಲ. ಹಕೀಮರು 2021ರ ಆಗಸ್ಟ್ 22ರಂದು ನಮ್ಮ ಕಲಬುರ್ಗಿಯಲ್ಲಿ ಕೊನೆಯುಸಿರೆಳೆದರು. ಹೀಗೆ ಆ ಮನೆತನದ ಕಥೆಯ ಕೊನೆಯ ಪುಟವು ಕನ್ನಡ ನಾಡಿನಲ್ಲಿಯೇ ಬರೆಯಲ್ಪಟ್ಟಿತು.

ಇಷ್ಟು ಹೇಳಿದ ಮೇಲೆ ಕಹಿಯಾದ ಮಾತನ್ನೂ ಹೇಳದಿದ್ದರೆ ನಾವು ವಾಚಕರಿಗೆ ವಂಚನೆ ಮಾಡಿದಂತಾಗುವದು. 1962ರ ನಂತರ ಏಶಿಯನ್ ಕ್ರೀಡೆಗಳ ಕಾಲ್ಚೆಂಡಿನಲ್ಲಿ ಭಾರತಕ್ಕೆ ಚಿನ್ನ ದೊರೆತಿಲ್ಲ. 1960ರ ನಂತರ ಒಲಿಂಪಿಕ್ ಕಾಲ್ಚೆಂಡಿನ ಅಂಗಳದಲ್ಲಿ ನಮ್ಮವರು ಕಾಲಿಟ್ಟಿಲ್ಲ. ಹೈದರಾಬಾದಿನ ಆಟವೂ ಕ್ರಮೇಣ ಕುಗ್ಗಿಹೋಯಿತು. ಗುರುವಿನ ಪ್ರಭಾವವು ಚಿರಸ್ಥಾಯಿಯಾಗಿದ್ದರೆ ಇದು ಹೇಗೆ ಆಯಿತು? ನಮ್ಮ ಅಭಿಪ್ರಾಯದಲ್ಲಿ ಉತ್ತರವು ಸ್ಪಷ್ಟವಾಗಿದೆ. ಶಿಷ್ಯರು ಗುರುವಿನಿಂದ ತಮತಮಗೆ ಒಗ್ಗಿದ್ದನ್ನು ಪಡೆದರು: ಒಬ್ಬರು ಮಾತಿನ ಶಕ್ತಿಯನ್ನು, ಒಬ್ಬರು ಶಿಸ್ತನ್ನು, ಒಬ್ಬರು ಎಳೆಯ ಪ್ರತಿಭೆಯನ್ನು ಹುಡುಕುವ ಕಣ್ಣನ್ನು. ಪಡೆದದ್ದನ್ನು ಪ್ರಾಮಾಣಿಕವಾಗಿ ಮುಂದಕ್ಕೂ ಕೊಟ್ಟರು. ಆದರೆ ಅವರು ಕೊಟ್ಟದ್ದು ದೊಡ್ಡ ಸಂಘಗಳ ದೊಡ್ಡ ಆಟಗಾರರಿಗೆ. ರಹೀಮ ಸಾಹೇಬರ ಕೆಲಸದ ತಳಹದಿಯು ಅಲ್ಲಿರಲಿಲ್ಲ. ಅದು ಶಾಲೆಯ ಬಯಲಿನಲ್ಲಿ, ಎಡಗಾಲಿನಿಂದ ಒದೆಯಲು ಕಲಿಯುತ್ತಿದ್ದ ಹುಡುಗರ ಪಂದ್ಯಗಳಲ್ಲಿ, ಸೈಕಲ್ಲಿನ ಬಾಡಿಗೆಯಲ್ಲಿ ಇದ್ದಿತು. ಮೇಲಿನ ಉಪ್ಪರಿಗೆಯನ್ನು ಕಾಯುವವರು ಹಲವರು ದೊರೆತರು. ಕೆಳಗಿನ ಅಡಿಪಾಯವನ್ನು ಕಾಯುವವರು ವಿರಳರಾದರು. ಪಟಿಯಾಲೆಯಲ್ಲಿ 1961ರಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಹುಟ್ಟಿ ಶಿಕ್ಷಕರಿಗೆ ಪದವಿಪತ್ರಗಳನ್ನು ಕೊಡತೊಡಗಿತು. ಅದು ಒಳ್ಳೆಯದೇ. ಆದರೆ ಪದವಿಪತ್ರವು ಮೈದಾನವನ್ನು ಹುಟ್ಟಿಸಲಾರದು.

ಇಳಕಲ್ಲಿನ ನೇಕಾರರನ್ನು ಕೇಳಿದರೆ ಅವರು ಇದನ್ನು ನಮಗಿಂತ ಚೆನ್ನಾಗಿ ಹೇಳುವರು. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಸೀರೆಯಾಗುವದು. ಕೆಂಪು ಸೆರಗನ್ನು ನೋಡಿ ಹೊಗಳುವವರು ಕೊಂಡಿಯನ್ನು ಗಮನಿಸುವದಿಲ್ಲ. ಕಲಿಯುವ ಹುಡುಗನಿಗೂ ಗೆಲ್ಲುವ ಆಟಗಾರನಿಗೂ ನಡುವಿನ ಕೊಂಡಿಯೇ ಶಾಲೆಯ ವ್ಯಾಯಾಮದ ಮಾಸ್ತರನು. ಅವನನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಬಾರದ ಶಿಕ್ಷಕರ ವರ್ಗವನ್ನು ಸುಮ್ಮನಿರಿಸಲು, ಜನಗಣತಿಯ ಕಾಗದ ತುಂಬಲು, ಗಣ್ಯರು ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಅವನನ್ನು ಉಪಯೋಗಿಸುತ್ತೇವೆ. ಶಾಲೆಯ ಬಯಲಿನಲ್ಲಿ ಹೊಸ ಕೋಣೆ ಕಟ್ಟಬೇಕಾದರೆ ಮೊದಲು ಹೋಗುವದು ಆಟದ ಅಂಗಳ. ಇದನ್ನು ಕಂಡೂ ಕಾಣದಂತೆ ಇರುವ ಅಧಿಕಾರಿಗಳಲ್ಲಿಯೂ, ಊರ ಹಿರಿಯರಲ್ಲಿಯೂ, ಪತ್ರಿಕೆ ನಡೆಸುವ ನಮ್ಮಲ್ಲಿಯೂ ದೋಷವಿದೆ.

ರಹೀಮ ಸಾಹೇಬರಿಗೆ ಶಿಲೆಯ ಪ್ರತಿಮೆಯನ್ನು ನಿಲ್ಲಿಸಬೇಕೆಂದು ನಾವು ಕೇಳುವದಿಲ್ಲ. ನಮ್ಮ ಶಿರೂರಿನಂಥ ಒಂದೊಂದು ಊರಿನಲ್ಲಿ ಶಾಲೆಯ ಬಯಲು ಬಯಲಾಗಿಯೇ ಉಳಿಯಲಿ. ಸಂಜೆಯ ಒಂದು ತಾಸು ವ್ಯಾಯಾಮದ ಮಾಸ್ತರನಿಗೆ ಬೇರೆ ಕೆಲಸವನ್ನು ಹೇಳದಿರಲಿ. ದೂರದ ಓಣಿಯಿಂದ, ತೋಟದ ಮನೆಯಿಂದ ಬರಲಾರದ ಹುಡುಗನಿಗೆ, ಹುಡುಗಿಗೆ, ಬರುವ ದಾರಿಯ ಖರ್ಚನ್ನು ಉಳ್ಳವರು ಕೊಡಲಿ. ಮಾಸ್ತರನ ವಿದ್ಯೆಯು ಶಿಷ್ಯನಲ್ಲಿ ಒಂದು ತಲೆಮಾರು ಬದುಕುವದು; ಬಯಲು ಉಳಿದರೆ ಮಾತ್ರ ಅದು ಮುಂದಿನ ತಲೆಮಾರಿಗೆ ದಾಟುವದು. ಈ ಸಣ್ಣ ಕೆಲಸಗಳನ್ನು ನಮ್ಮ ಜನರು ಕೈಕೊಂಡರೆ ಹೈದರಾಬಾದಿನ ಆ ಮಾಸ್ತರರ ಋಣದಲ್ಲಿ ಕಿಂಚಿತ್ತಾದರೂ ತೀರಿದಂತಾಗುವದೆಂದು ನಾವು ನಂಬುತ್ತೇವೆ.